ಬೈಟು ಮಾತ್ರ

ಚಂದ್ರನ ಮೇಲೆ ಡಿಕಾಕ್ಷನ್ ಕೂಡ ಯೋಚನೆ ಮಾಡಿ ಮಾಡಿ ಹನಿಯುತ್ತದೆ. ಬೋಜಮ್ಮನಿಗೇನೂ ಅವಸರವಿರಲಿಲ್ಲ. ಭೂಮಿಗೆ ವಾಪಸಾಗುವ ಟಿಕೆಟ್ಟನ್ನೇ ಮಾರಿ ಕೊಡಗಿನ ಬೀಜ ತರಿಸಿ, ಅವಳು ಅವತ್ತು ಬೆಳಿಗ್ಗೆ ಆನ್‌ಲೈನ್ ಅಂಗಡಿ ತೆರೆದಿದ್ದಳು. ಅಲ್ಲಿ ಸಿಗುವುದು ಬೈಟು ಕಾಫಿ ಮಾತ್ರ. ಒಂದು ಕಾಫಿ, ಎರಡು ಲೋಟ, ಕುಡಿಯುವವರು ಇಬ್ಬರು.

"ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗೂಡು, ಊಟ ಗೋಡೆಯಿಂದ ಬರುತ್ತೆ. ಪಕ್ಕದವರ ಮುಖ ನೋಡಿ ಯಾವ ಕಾಲವಾಯ್ತೋ! ಇನ್ನೊಬ್ಬರನ್ನ ಎಲ್ಲಿಂದ ತರ್ತಾರೆ?" ಎಂದು ಆಚೆ ಗುಮ್ಮಟದಲ್ಲಿದ್ದ ತಂಗಿ ದೇಚಮ್ಮ ಫೋನಿನ ತೆರೆಯಲ್ಲಿ ಗೊಣಗಿದಳು.

"ತರ್ತಾರೆ ಬಿಡು. ಘಮ ಆಗಲೇ ಗಾಳಿಕೊಳವೆ ಹಿಡಿದು ಹೋಗಿದೆ," ಎಂದಳು ಬೋಜಮ್ಮ.

ಅಷ್ಟರಲ್ಲಿ ಮೊದಲ ಗಿರಾಕಿಯ ಕರೆ ಬಂತು. ಗಣಿಯ ಮೆಕ್ಯಾನಿಕ್ ಇರ್ಫಾನ್.

"ಅಮ್ಮಾ, ನಾನು ಒಂಟಿ. ಎರಡೂ ಲೋಟ ನಾನೇ ಕುಡೀತೀನಿ, ಕಳಿಸಿ."

"ಅದಕ್ಕೆ ಫುಲ್ ಕಾಫಿ ಅಂತಾರಪ್ಪ. ನಮ್ಮಲ್ಲಿಲ್ಲ. ಹೋಗಿ ಪಕ್ಕದ ಬಾಗಿಲು ಬಡಿ."

"ಬಡಿದು ಏನನ್ನಲಿ?"

"ಬೈಟು ಹೊಡೆಯೋಣ್ವಾ ಅನ್ನು."

ಅವನು ಸಿಟ್ಟಿನಿಂದ ಫೋನಿಟ್ಟ.

"ಬಂದ ಲಕ್ಷ್ಮಿಯನ್ನ ಒದ್ದುಬಿಟ್ಟೆಯಲ್ಲಕ್ಕ!" ಎಂದು ದೇಚಮ್ಮ ಹಣೆ ಚಚ್ಚಿಕೊಂಡಳು. ಬೋಜಮ್ಮ ಹಾಲು ಕಾಯಲಿಟ್ಟಳು.

ಹಾಲು ಉಕ್ಕುವ ಹೊತ್ತಿಗೆ ಮತ್ತೆ ಇರ್ಫಾನನದೇ ಕರೆ. ಅವನ ಹಿಂದೆ ಯಾರೋ ನಗುತ್ತಿದ್ದರು, ಇನ್ಯಾರೋ ತನಗೆ ಸಕ್ಕರೆ ಬೇಡವೆಂದು ಕೂಗುತ್ತಿದ್ದರು.

"ಅಮ್ಮಾ, ಎರಡೂ ಪಕ್ಕದ ಬಾಗಿಲು ಬಡಿದುಬಿಟ್ಟೆ. ಮೂವರಾಗಿಬಿಟ್ವಿ," ಎಂದ ಅವನು. "ಟೂ ಬೈ ತ್ರೀ ಕೊಡ್ತೀರಾ?"