ಬಣ್ಣ ಕೆರೆದ ಮಧ್ಯಾಹ್ನ

ಯಾದಗಿರಿಯ ಬೀದಿಯಲ್ಲಿ ಯಾರಾದರೂ ಕಬ್ಬಿಣದ ಗೇಟಿನ ಹಳೆಯ ಬಣ್ಣ ಕೆರೆಯುತ್ತಿದ್ದರೆ, ಆ ಕಟುವಾಸನೆಗೆ ನನ್ನ ನಾಲಿಗೆಯಲ್ಲಿ ಇಂದಿಗೂ ಬೆಲ್ಲದ ರುಚಿ ಏಳುತ್ತದೆ.

ನನ್ನ ಚಿಕ್ಕಂದಿನಲ್ಲಿ ನಮ್ಮೂರು ವಡಗೇರಾದಿಂದ ದುಡಿಯಲು ಹೋದ ನಮ್ಮ ತಂಡಕ್ಕೆ ಅಪ್ಪನೇ ಮುಕಾದಮ, ಯಾರಿಗೆ ಯಾವ ಕೆಲಸವೆಂದು ಹಂಚುವವನು. ಕಡಲ ದಂಡೆಯ ಆ ಗಿಜಿಗುಡುವ ಶಹರದಲ್ಲಿ, ದೋಣಿ ಬಂದಾಗ ನಡುಭಾಗ ಮೇಲೇಳುವ ಪುರಾತನ ಸೇತುವೆಯೊಂದರ ದುರಸ್ತಿ ನಡೆದಿತ್ತು. ಅದರ ಅಂದವನ್ನು ಉಳಿಸಲು ಹಣವಿತ್ತು. ಅದರ ಸೀಸ ಬೆರೆತ ವಿಷದ ಬಣ್ಣ ಕೆರೆಯುವ ಹೆಂಗಸರಿಗೆ ಮುಖಗವುಸು ಇರಲಿಲ್ಲ, ಕೈಗವುಸು ಇರಲಿಲ್ಲ, ಕೈತೊಳೆಯಲು ನೀರೂ ಇರಲಿಲ್ಲ. ಎದೆಯ ಧೂಳು ಇಳಿಯಲೆಂದು ಅಪ್ಪ ಮಧ್ಯಾಹ್ನ ನನ್ನ ಕೈಯಿಂದ ಬೆಲ್ಲ ಹಂಚಿಸುತ್ತಿದ್ದ.

ಅಂದು ದೋಣಿಗಾಗಿ ಸೇತುವೆ ಎದ್ದಾಗ ಎಲ್ಲರೂ ದಂಡೆಗೆ ಬಂದು ಕುಳಿತರು. ಅಪ್ಪನ ತಮ್ಮನ ಹೆಂಡತಿ ಚಿಗವ್ವ, ಕೂಸನ್ನು ಎದೆಗೆ ಹಾಕಿಕೊಂಡು ಸೆರಗು ಹೊದೆಸಿದಳು.

“ಭಾವಾರ, ಹಾಲ ಕುಡಸಾಕತ್ತೇನ್ರಿ. ಈ ಬಣ್ಣ ಕೆರಿಯೂದು ಬ್ಯಾಡ್ರಿ, ಉಸುಕು ಹೊರಾಕರ ಹಚ್ಚರಿ.”

“ಉಸುಕ ಹೊರಾಕ ಗಂಡಸ್ರು ಅದಾರ. ಬೀಗರ ಮನಿಗಿ ಬಂದಿಯೇನವಾ, ಬೇಕಾದ್ದು ಕೇಳಾಕ? ಬೆಲ್ಲ ತಿನ್ನು, ಎಲ್ಲಾ ಇಳಿತೈತಿ.”

ಅಪ್ಪನ ಮಾತಿಗೆ ಎಲ್ಲರೂ ನಕ್ಕರು. ನಾನೂ ನಗುತ್ತಲೇ ಬೆಲ್ಲದ ತುಣುಕನ್ನು ಅವಳ ಕೈಗಿಟ್ಟೆ. ಅವಳು ಅರ್ಧ ಕಚ್ಚಿ, ಉಳಿದುದನ್ನು ಬೆರಳಿಗೆ ಹಚ್ಚಿಕೊಂಡು ಕೂಸಿಗೆ ನೆಕ್ಕಿಸಿದಳು. ಆ ಬೆರಳಿನ ಉಗುರಿನ ಸಂದಿಯಲ್ಲಿ ಸೇತುವೆಯ ಬೂದುಬಣ್ಣ ತುಂಬಿತ್ತು. ಅಪ್ಪ ಅದನ್ನು ನೋಡಿದ. ಅವನ ನಗು ನಿಂತಿತು.

ಸೇತುವೆ ಇಳಿಯಿತು. ಅಪ್ಪ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೆಲಸಕ್ಕೆ ಕರೆದ. ಚಿಗವ್ವನನ್ನು ಮಾತ್ರ ಕರೆಯಲಿಲ್ಲ. ಬೇರೆ ಕೆಲಸವನ್ನೂ ಹೇಳಲಿಲ್ಲ. ಅವಳು ತುಸು ಹೊತ್ತು ಕಾದು, ಕೂಸನ್ನು ನನ್ನ ತೊಡೆಗೆ ಹಾಕಿ, ತಾನೇ ಎದ್ದು ಬಣ್ಣ ಕೆರೆಯಲು ಸೇತುವೆಗೆ ಹೋದಳು.