ಎತ್ತುವ ಕೈ

ಜೋಡಿ ಸ್ಕೇಟಿಂಗ್‌ನಲ್ಲಿ ಒಲಿಂಪಿಕ್ಸ್‌ಗೆ ಹೋಗಬೇಕಾದರೆ ಇಬ್ಬರೂ ಒಂದೇ ದೇಶದವರಾಗಿರಬೇಕು. ಹಳೆಯ ಜೊತೆಗಾರನ ಮಂಡಿ ಕೈಕೊಟ್ಟ ಮೇಲೆ ಅವಳು ಅವನನ್ನೂ ಹುಟ್ಟಿದ ದೇಶವನ್ನೂ ಬಿಟ್ಟು, ಹೊಸ ಜೊತೆಗಾರನ ದೇಶಕ್ಕೆ ಬಂದಳು. ಅಲ್ಲಿಯ ಭಾಷೆ ಕಲಿತಳು, ರಾಷ್ಟ್ರಗೀತೆ ಬಾಯಿಪಾಠ ಮಾಡಿದಳು. ತವರಿನ ಪತ್ರಿಕೆಗಳು ದ್ರೋಹಿ ಎಂದು ಬರೆದವು. ಅಮ್ಮ ಮಾತು ಬಿಟ್ಟಳು. ತಾನೂ ಸ್ಕೇಟರ್ ಆಗಿದ್ದು, ಜೊತೆಗಾರ ಸಿಗದೆ ಕೂತಿದ್ದ ತಂಗಿ ಮಾತ್ರ ಆಗಾಗ ಫೋನ್ ಮಾಡಿ ಎಲ್ಲವನ್ನೂ ವಿಚಾರಿಸುತ್ತಿದ್ದಳು. ತನ್ನನ್ನು ತಲೆಯ ಮೇಲೆ ಎತ್ತಿ ಹಿಡಿದಾಗ ಹೊಸ ಜೊತೆಗಾರನ ಎಡಗೈ ನಡುಗುತ್ತದೆ, ಜೀವ ಬಾಯಿಗೆ ಬರುತ್ತದೆ ಎಂದು ಅವಳು ಹೇಳಿಕೊಂಡದ್ದು ಆ ತಂಗಿಯೊಬ್ಬಳ ಹತ್ತಿರವೇ.

ಪೌರತ್ವ ಸಿಕ್ಕ ದಿನ ಅವಳು ಕೇಕ್ ಹಿಡಿದುಕೊಂಡು ಐಸ್ ರಿಂಕ್‌ಗೆ ಓಡಿದಳು.

“ಸಿಕ್ಕಿತು ಕಣೋ! ಇನ್ನು ನಾನೂ ನಿಮ್ಮ ದೇಶದವಳೇ.”

ಅವನು ಬೂಟಿನ ದಾರ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

“ನನಗೂ ಸಿಕ್ಕಿತು.”

“ನಿನಗೇನೋ? ನೀನು ಹುಟ್ಟಿದ್ದೇ ಇಲ್ಲಿ!”

“ನೀನು ಬಿಟ್ಟು ಬಂದೆಯಲ್ಲ, ಆ ದೇಶದ್ದು. ಅಲ್ಲೊಬ್ಬ ಹುಡುಗಿ ಇದ್ದಾಳೆ. ನಿನಗಿಂತ ಹಗುರ.”

“ಮೊದಲೇ ಯಾಕೆ ಹೇಳಲಿಲ್ಲ?”

“ಅಲ್ಲಿ ಆಗದೆ ಹೋದರೆ ನೀನಾದರೂ ಇರಲಿ ಅಂತ.”

ಕೇಕಿನ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಅವಳು ಹೊರಗೆ ಬಂದಳು. ಅಳು ತಡೆಯಲಾರದೆ ತಂಗಿಗೆ ಫೋನ್ ಮಾಡಿದಳು. ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಮೆಲ್ಲಗೆ ದನಿ ಬಂತು.

“ಅಕ್ಕಾ, ಬೈಯಬೇಡ. ಒಂದೇ ಒಂದು ಹೇಳು, ಅವನ ಎಡಗೈ ಈಗಲೂ ನಡುಗುತ್ತಾ?”