ಅರ್ಧ ಎತ್ತರದ ಉಡಿದಾರ

ವರ್ಷಕ್ಕೊಮ್ಮೆ ಊರಿನವರ ಸೊಂಟಕ್ಕೆಲ್ಲ ಹೊಸ ಉಡಿದಾರ ಕಟ್ಟುವುದು ದಾಕ್ಷಾಯಣಮ್ಮನ ಸರ್ಕಾರಿ ಕೆಲಸ. ಆಳಿನ ಎತ್ತರದಷ್ಟು ದಾರ ಅಳೆದು, ಎರಡಾಗಿ ಮಡಿಸಿ, ಹೊಟ್ಟೆಗೆ ಸುತ್ತುತ್ತಾರೆ. ತುದಿಗಳು ಕೂಡದಿದ್ದರೆ ಒಳಗೆ ಕೊಬ್ಬು ಕೂತಿದೆಯೆಂದು ಲೆಕ್ಕ. ಕೂಡುವವರೆಗೆ ಸಿಹಿಯನ್ನು ರುಚಿ ನೋಡಲೂ ಬಾಯಿಗೆ ಹಾಕುವಂತಿಲ್ಲ.

ಛತ್ರದ ಅಡುಗೆಯ ಭುಜಂಗ ಭಟ್ಟರ ಕೈಕಾಲು ಕಡ್ಡಿಯಂತಿದ್ದವು. ಆದರೂ ಹೊಟ್ಟೆಯನ್ನು ಒಳಕ್ಕೆಳೆದು, ಉಸಿರು ಬಿಗಿಹಿಡಿದು ನಿಂತರು. ದಾಕ್ಷಾಯಣಮ್ಮ ಅವಸರ ಮಾಡಲಿಲ್ಲ.

“ಭಟ್ರೇ, ನಾನು ಮಾಡಿದ ಮೈಸೂರು ಪಾಕು ಯಾವಾಗ್ಲೂ ಕಲ್ಲಾಗತ್ತಲ್ಲ, ಯಾಕೆ?”

ಭಟ್ಟರಿಗೆ ತಡೆಯಲಾಗಲಿಲ್ಲ. “ಒಂದೆಳೆ ಪಾಕ ಬಂದ ತಕ್ಷಣ ಹಿಟ್ಟು ಹಾಕ್ಬೇಕಮ್ಮ. ತುಪ್ಪ ಚೆನ್ನಾಗಿ ಕಾದಿರ್ಬೇಕು, ಸ್ವಲ್ಪ ಸ್ವಲ್ಪಾನೇ ಹೊಯ್ಬೇಕು...”

ಮಾತಿನ ಜೊತೆ ಉಸಿರು ಹೊರಬಂತು, ಹೊಟ್ಟೆಯೂ ಬಂತು. ದಾರ ನಾಲ್ಕು ಬೆರಳು ಸಾಲಲಿಲ್ಲ.

“ನಾಳೆ ಮದುವೆ ಅಡುಗೆ ಇದೆ, ಹೀಗಾ ಮೋಸ ಮಾಡೋದು?” ಭಟ್ಟರು ಮುಖ ಗಂಟಿಕ್ಕಿದರು. “ನಮ್ಮಪ್ಪನ್ನೂ ಹೀಗೇ ಮಾತಿಗೆಳೆದಿದ್ರಾ?”

“ಇಲ್ಲ.” ದಾಕ್ಷಾಯಣಮ್ಮ ದಾರವನ್ನು ನಿಧಾನವಾಗಿ ಸುತ್ತಿಟ್ಟುಕೊಂಡರು. “ಅವ್ರೂ ಇಲ್ಲೇ ಉಸಿರು ಹಿಡ್ಕೊಂಡು ನಿಂತಿದ್ರು. ಗೊತ್ತಿದ್ದೂ ಸುಮ್ನೆ ಗಂಟು ಹಾಕ್ಬಿಟ್ಟೆ. ಆ ದಾರ ಮಾಸೋ ಮುಂಚೆ ಹೋಗ್ಬಿಟ್ರು.”